ಸಿಐಪಿ ಲೈನಿಗೆ ಇಂಡಕ್ಟಿವ್ ಕಂಡಕ್ಟಿವಿಟಿ ಸೆನ್ಸರ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಕುಮಟಾದ ನಮ್ಮ ಜ್ಯೂಸ್ ಘಟಕದಲ್ಲಿ ಸಿಐಪಿ ಲೈನಿನಲ್ಲಿ, ಅಂದರೆ ಪೈಪು ಟ್ಯಾಂಕು ಬಿಚ್ಚದೆ ಒಳಗೇ ತೊಳೆಯುವ ಲೈನಿನಲ್ಲಿ, ಎರಡು ಎಲೆಕ್ಟ್ರೋಡಿನ ಹಳೆ ಸೆನ್ಸರ್ ತೆಗೆಸಿ ಇಂಡಕ್ಟಿವ್ ಹಾಕಿಸಿದೆವು. ದ್ರವದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ (ಅದೇ ಕಂಡಕ್ಟಿವಿಟಿ) ಅಂತ ಅಳೆದು, ತೊಳೆಯುವ ಕಾಸ್ಟಿಕ್ ಸೋಡಾ ಎಷ್ಟಿದೆ ಅಂತ ತಿಳಿಸುವುದು ಸೆನ್ಸರಿನ ಕೆಲಸ. ಒಂದು ಅನಾನಸ್ ಸೀಸನ್ ಪೂರ್ತಿ ಓಡಿದ ಮೇಲೆ ಬರೆಯುತ್ತಿದ್ದೇನೆ.

ಬನವಾಸಿ ಕಡೆಯಿಂದ ದೇವಿಮನೆ ಘಾಟಿ ಇಳಿದು ಬರುವ ಅನಾನಸ್ಸಿನ ಪಲ್ಪ್ ಇದೆಯಲ್ಲ, ಅದು ಎಲೆಕ್ಟ್ರೋಡಿಗೆ ಅಂಟಿ ಕೂರುತ್ತಿತ್ತು. ತೆಳ್ಳಗೆ ಪದರ ಕಟ್ಟಿದರೂ ಸಾಕು, ರೀಡಿಂಗ್ ಇಳಿಯುತ್ತದೆ, ಕಾಸ್ಟಿಕ್ ಕಮ್ಮಿ ಆಯ್ತು ಅಂತ ಪಂಪು ಇನ್ನಷ್ಟು ಸುರಿಯುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ! ಹೊಸದರಲ್ಲಿ ಎಲೆಕ್ಟ್ರೋಡೇ ಇಲ್ಲ. ನಡುವೆ ತೂತಿರುವ ಪೀಕ್ ಪ್ಲಾಸ್ಟಿಕ್ ಬಾಡಿಯೊಳಗೆ ಎರಡು ಕಾಯಿಲ್. ಒಂದು ದ್ರವದಲ್ಲಿ ಕರೆಂಟ್ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಅಳೆಯುತ್ತದೆ. ಸ್ವಲ್ಪ ಪಲ್ಪ್ ಮೆತ್ತಿದರೂ ಲೆಕ್ಕ ಕೆಡುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಟೆಂಪರೇಚರ್ ಹಿಡಿಯುವ ವೇಗ. ದ್ರವ ಒಂದು ಡಿಗ್ರಿ ಬಿಸಿಯಾದರೆ ಕಂಡಕ್ಟಿವಿಟಿ ಸುಮಾರು ಶೇ. 2ರಷ್ಟು ಏರುತ್ತದೆ, ಅದಕ್ಕೇ ಮೀಟರ್ ಎಲ್ಲವನ್ನೂ 25 ಡಿಗ್ರಿಯ ಲೆಕ್ಕಕ್ಕೆ ತಂದು ತೋರಿಸುತ್ತದೆ. 75 ಡಿಗ್ರಿ ಕಾಸ್ಟಿಕ್ ಹಿಂದೆಯೇ ತಣ್ಣೀರು ಬಂತು ಅಂದುಕೊಳ್ಳಿ. ಸೆನ್ಸರ್ ಇನ್ನೂ ಬಿಸಿ ಅಂತಲೇ ತಿಳಿದಿದ್ದರೆ ರೀಡಿಂಗ್ ನಿಜಕ್ಕಿಂತ ಕಮ್ಮಿ ಬರುತ್ತದೆ, ಪೈಪಿನಲ್ಲಿ ಕಾಸ್ಟಿಕ್ ಉಳಿದಿರುವಾಗಲೇ ತೊಳೆದು ಮುಗಿಯಿತು ಅನ್ನುತ್ತದೆ. ಇದು ತಿನ್ನುವ ಕುಡಿಯುವ ವಸ್ತುವಿನ ವಿಷಯ, ಅಲ್ವಾ? ಖರೀದಿಗೆ ಮೊದಲು ಟೆಂಪರೇಚರ್ ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಈ ಒಂದು ಪ್ರಶ್ನೆ ಕೇಳದೆ ಬಿಡಬೇಡಿ.

ಕರಾವಳಿಯವರಿಗೆ ಇನ್ನೊಂದು ಮಾತು. ಶೇ. 1ರ ಕಾಸ್ಟಿಕ್ 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ ಸುಮಾರು 53 ಮಿಲಿಸೀಮೆನ್ಸ್ (ಕಂಡಕ್ಟಿವಿಟಿಯ ಅಳತೆ) ತೋರಿಸುತ್ತದೆ. ಸಮುದ್ರದ ನೀರೂ ಹೆಚ್ಚುಕಮ್ಮಿ ಅಷ್ಟೇ! ದ್ರವದಲ್ಲಿ ಏನಿದೆ ಅಂತ ಯಾವ ಕಂಡಕ್ಟಿವಿಟಿ ಮೀಟರೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಅಘನಾಶಿನಿ ಹಿನ್ನೀರಿನ ಆಸುಪಾಸಿನ ಬಾವಿಗಳಿಗೆ ಉಪ್ಪು ನುಗ್ಗುತ್ತದೆ. ಕೊನೆಯ ತೊಳೆತ ಮುಗಿಯಿತು ಅನ್ನಲು ರೀಡಿಂಗ್ ಇಷ್ಟಕ್ಕೆ ಇಳಿಯಬೇಕು ಅಂತ ಮಳೆಗಾಲದಲ್ಲಿ ಇಟ್ಟ ಸೆಟ್‌ಪಾಯಿಂಟ್ ಮೇ ತಿಂಗಳಲ್ಲಿ ನಡೆಯುವುದಿಲ್ಲ, ಒಳಬರುವ ನೀರಿನ ರೀಡಿಂಗೇ ಅದಕ್ಕಿಂತ ಮೇಲಿರುವುದರಿಂದ ವಾಲ್ವ್ ತಿರುಗುವುದೇ ಇಲ್ಲ. ಒಳಬರುವ ನೀರನ್ನು ಅಳೆದು ಅದಕ್ಕೆ ಹೋಲಿಸಿ ಇಡಬೇಕು.

ಕೊರತೆ ಇಲ್ಲ ಅಂತಲ್ಲ. ಬೆಲೆ ಜಾಸ್ತಿ. ಆರ್‌ಓ ನೀರಿನಂಥ ತೀರಾ ಕಡಿಮೆ ರೀಡಿಂಗಿಗೆ ಇದು ಸೂಕ್ತವಲ್ಲ, ಅಲ್ಲಿ ಎಲೆಕ್ಟ್ರೋಡಿನದ್ದೇ ವಾಸಿ. ಗಾಳಿಗುಳ್ಳೆ ಸಿಕ್ಕಿಕೊಂಡರೆ ರೀಡಿಂಗ್ ಕುಣಿಯುತ್ತದೆ, ಹಾಗಾಗಿ ದ್ರವ ಕೆಳಗಿನಿಂದ ಮೇಲಕ್ಕೆ ಏರುವ ಪೈಪಿನಲ್ಲೇ ಕೂರಿಸಿ. ಸಣ್ಣ ಪೈಪಾದರೆ ಗೋಡೆ ಹತ್ತಿರವಾಗಿ ಲೆಕ್ಕ ತಪ್ಪುತ್ತದೆ. ಆ ತಪ್ಪನ್ನು ಸರಿದೂಗಿಸುವ ಸಂಖ್ಯೆ, ಅಂದರೆ ಇನ್‌ಸ್ಟಾಲೇಶನ್ ಫ್ಯಾಕ್ಟರ್ ಹಾಕಿಕೊಡದೆ ಟೆಕ್ನಿಷಿಯನ್‌ನನ್ನು ಕಳಿಸಬೇಡಿ.