ನಾಯಿಗೆ ಕಾರಿನ ‘ಸಮ್ಮರ್ ಕಿಟ್’: ಕರಾವಳಿಯ ಸೆಕೆಗೆ ಯಾವುದು ಆಗುತ್ತದೆ, ಯಾವುದು ದಂಡ

ಮಾರ್ಚ್ ಬಂತೆಂದರೆ ಪೆಟ್ ಶಾಪುಗಳಲ್ಲೂ ಆನ್‌ಲೈನಿನಲ್ಲೂ ಈ ಕಿಟ್ ಕಾಣಿಸಿಕೊಳ್ಳುತ್ತದೆ. ಕಿಟಕಿಗೆ ಬಲೆಯ ಪರದೆ, ಜೆಲ್ ತುಂಬಿದ ಚಾಪೆ, ನೀರಲ್ಲಿ ಅದ್ದಿ ತೊಡಿಸುವ ಜಾಕೆಟ್, ಸಿಕ್ಕಿಸುವ ಯುಎಸ್‌ಬಿ ಫ್ಯಾನ್. ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ತೊಂದರೆ ಏನೆಂದರೆ ಇವು ಬಿಸಿಲಿನ ಲೆಕ್ಕದಲ್ಲಿ ಮಾಡಿದವು. ಮಂಗಳೂರು, ಉಡುಪಿಯಲ್ಲಿ ಬಿಸಿಲಿಗಿಂತ ಸೆಕೆಯೇ ದೊಡ್ಡದು.

ಹೆಚ್ಚು ದುಡ್ಡು ದಂಡವಾಗುವುದು ಜಾಕೆಟ್ಟಿನಲ್ಲಿ. ನೀರು ಆವಿಯಾಗುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗಬೇಕು, ಅದು ಕೆಲಸ ಮಾಡುವ ಬಗೆ. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿ, ಶೇ. 20 ತೇವಾಂಶ ಇರುವ ದಿನ ಒದ್ದೆ ಬಟ್ಟೆ ಸುಮಾರು 23 ಡಿಗ್ರಿವರೆಗೆ ತಣಿಯಬಲ್ಲದು. ಇಲ್ಲಿ 34 ಡಿಗ್ರಿ, ಶೇ. 70 ತೇವಾಂಶ ಇದ್ದರೆ ಅದೇ ಬಟ್ಟೆ 29ರ ಕೆಳಗೆ ಇಳಿಯುವುದೇ ಇಲ್ಲ. ಮುಚ್ಚಿದ ಕಾರಿನಲ್ಲಿ ನಾಯಿಯ ಉಸಿರಿನಿಂದಲೇ ತೇವ ಏರುತ್ತಾ ಹೋಗುತ್ತದೆ. ಆಮೇಲೆ ಜಾಕೆಟ್ ಅಂದರೆ ಮೈಗಂಟಿದ ಚಂಡಿ ಕಂಬಳಿ. ಎಸಿ ಓಡುವಾಗ ಗಾಡಿಯೊಳಗಿನ ಗಾಳಿ ಒಣಗುತ್ತದೆ, ಆಗ ಜಾಕೆಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆಗ ಅದು ಬೇಕೇ ಇರುವುದಿಲ್ಲ!

ನಾಯಿಯ ಕಷ್ಟವೂ ಇದೇ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ಪಾದದಡಿಯಲ್ಲಿ ಸ್ವಲ್ಪ ಅಷ್ಟೆ. ನಾಲಗೆ ಚಾಚಿ ಏದುವುದೇ ಅದರ ಎಸಿ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಎಷ್ಟು ಏದಿದರೂ ಫಲ ಕಡಿಮೆ, ಏದುವ ಶ್ರಮದಿಂದ ಮೈ ಇನ್ನಷ್ಟು ಬಿಸಿಯಾಗುತ್ತದೆ. ಪಗ್, ಶಿಟ್ಜು, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೂ ಪರ್ಷಿಯನ್ ಬೆಕ್ಕಿಗೂ ಇದು ಇನ್ನೂ ಬೇಗ ತಟ್ಟುತ್ತದೆ.

ಜೆಲ್ ಚಾಪೆ ಪರವಾಗಿಲ್ಲ, ಬಳಸುವ ಕ್ರಮ ಗೊತ್ತಿದ್ದರೆ. ಅದು ತಂಪನ್ನು ಹುಟ್ಟಿಸುವುದಿಲ್ಲ, ಮೈಯ ಬಿಸಿಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಲ್ಯಾಬ್ರಡಾರ್ ಗಾತ್ರದ ನಾಯಿ ಮಲಗಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ತುಂಬಿಹೋಗುತ್ತದೆ. ನಾಯಿಯನ್ನು ಎಬ್ಬಿಸಿ ಎಸಿಯ ಗಾಳಿ ತಾಗಲು ಬಿಟ್ಟರೆ ಮತ್ತೆ ತಯಾರು. ಎಲ್ಲರೂ ಮಾಡುವ ತಪ್ಪು, ಚಾಪೆಯನ್ನು ಕಾರಿನಲ್ಲೇ ಬಿಡುವುದು. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಚಾಪೆ 45 ಡಿಗ್ರಿಗೆ ಕಾದಿದ್ದರೆ ಅದು ನಾಯಿಗೇ ಶಾಖ ಕೊಡುತ್ತದೆ. ಮನೆಯೊಳಗಿನ ನೆಲದ ಮೇಲಿಟ್ಟು, ಹೊರಡುವಾಗ ಮಾತ್ರ ತನ್ನಿ. ಕೊಳ್ಳುವಾಗ ಅಂಚಿನ ಬೆಸುಗೆ ಎಳೆದು ನೋಡಿ, ಸೋರುವುದು ಅಲ್ಲಿಂದಲೇ. ಕಚ್ಚಿ ಹರಿಯುವ ಮರಿ ಇದ್ದರೆ ಬೇಡವೇ ಬೇಡ.

ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಕಿಟಕಿ ಪರದೆ. ಗಾಜಿನಲ್ಲಿ ನೇರ ಬೀಳುವ ಬಿಸಿಲು ಕಪ್ಪು ನಾಯಿಯ ಬೆನ್ನನ್ನು ಎಸಿ ಇದ್ದರೂ ಕಾಯಿಸುತ್ತದೆ. ಮಂಗಳೂರಿಂದ ಉಡುಪಿಗೆ ಹೆದ್ದಾರಿ 66 ಉತ್ತರಕ್ಕೆ ಹೋಗುವುದರಿಂದ ಬೆಳಿಗ್ಗೆ ಬಿಸಿಲು ಬಲಕ್ಕೆ, ಮಧ್ಯಾಹ್ನದ ಮೇಲೆ ಎಡಕ್ಕೆ, ಅಂದರೆ ಕಡಲ ಬದಿಗೆ. ಹಿಂದಿನ ಎರಡು ಬಾಗಿಲಿಗಾದರೆ ಸಾಕು. ರಬ್ಬರ್ ಬಟ್ಟಲು ಒತ್ತಿ ಅಂಟಿಸುವ ಬಗೆ ಬೇಡ: ಪಣಂಬೂರು, ಮಲ್ಪೆ ಕಡೆ ಗಾಜಿಗೆ ಉಪ್ಪುಗಾಳಿಯ ಪೊರೆ ಕೂತಿರುತ್ತದೆ, ಬಿಸಿಗೆ ಬಟ್ಟಲು ಕಳಚಿ ಬೀಳುತ್ತದೆ, ಬಿದ್ದದ್ದನ್ನು ನಾಯಿ ನುಂಗಿದರೆ ಕರುಳಿಗೆ ಅಡ್ಡ. ಬಾಗಿಲ ಚೌಕಟ್ಟಿಗೆ ಕಾಲುಚೀಲದ ಹಾಗೆ ಎಳೆದು ಹಾಕುವ ಬಗೆ ಮೇಲು. ಕಪ್ಪು ಫಿಲ್ಮ್ ಹಾಕಿಸುವ ಯೋಚನೆ ಇದ್ದವರಿಗೆ ನೆನಪಿರಲಿ, 2012ರಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದೆ.

ಫ್ಯಾನ್ ಬೀಸುವುದು ಕಾರಿನಲ್ಲಿ ಇರುವ ಗಾಳಿಯನ್ನೇ. ಎಸಿ ಇಲ್ಲದ ಗಾಡಿಯಲ್ಲಿ 42 ಡಿಗ್ರಿ ಗಾಳಿಯನ್ನು ನಾಯಿಯ ಮುಖಕ್ಕೆ ಬೀಸಿದರೆ ಅದು ಒಲೆಯ ಊದುಕೊಳವೆ. ಹಿಂದೆ ಎಸಿ ಕಿಂಡಿ ಇಲ್ಲದ ಚಿಕ್ಕ ಕಾರುಗಳಲ್ಲಿ ಮಾತ್ರ ಉಪಯೋಗವಿದೆ. ಎರಡು ಮುಂದಿನ ಸೀಟುಗಳ ನಡುವೆ, ಹಿಂದಕ್ಕೆ ಮುಖ ಮಾಡಿ ಸಿಕ್ಕಿಸಿ. ಕೇಬಲ್ ಬಾಯಿಗೆ ಸಿಗದಂತೆ ಸೀಟಿನಡಿ ಎಳೆಯಿರಿ. ಎಸಿಯನ್ನು ಒಳಗಿನ ಗಾಳಿಯನ್ನೇ ತಿರುಗಿಸುವ ಸ್ಥಾನದಲ್ಲಿಡಿ, ಬೇಗ ತಣಿಯುತ್ತದೆ. ಪಂಜರವಿದ್ದರೆ ಹಿಂದಿನ ಸೀಟಿನ ಮೇಲಿರಲಿ, ಡಿಕ್ಕಿಯಲ್ಲಿ ಬೇಡ. ಮುಂದೆ ಕೂತವರಿಗೆ ಚಳಿ ಹಿಡಿದರೂ ಡಿಕ್ಕಿಯ ಮೂಲೆಗೆ ಗಾಳಿ ಮುಟ್ಟುವುದಿಲ್ಲ.

ಕಿಟ್ಟಿನಲ್ಲಿ ಇಲ್ಲದ್ದೇ ಮೊದಲು ಕೊಳ್ಳಬೇಕಾದದ್ದು: ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್. ಡ್ಯಾಶ್‌ಬೋರ್ಡಿನ ಮೇಲಲ್ಲ, ನಾಯಿಯ ಮೂತಿಯ ಎತ್ತರದಲ್ಲಿ, ನೆರಳಲ್ಲಿ ಕಟ್ಟಿ. ಒಳಗೆ 27 ದಾಟಿದರೆ ಎಸಿ ಹೆಚ್ಚಿಸುವ ಹೊತ್ತು.

ನಿಲ್ಲಿಸಿದ ಕಾರಿಗೆ ಇವುಗಳಲ್ಲಿ ಒಂದೂ ಆಗುವುದಿಲ್ಲ. ಡಬ್ಬದ ಮೇಲೆ ಏನೇ ಬರೆದಿರಲಿ. ಬಿಸಿಲಿನ ದಿನ ಮುಚ್ಚಿದ ಕಾರಿನ ಒಳಗೆ ಮೊದಲ 10 ನಿಮಿಷಕ್ಕೇ ಸುಮಾರು 10 ಡಿಗ್ರಿ ಏರುತ್ತದೆ, ಅರ್ಧ ಗಂಟೆಗೆ 19ರ ಹತ್ತಿರ. ಹೊರಗೆ 33 ಇದ್ದರೆ ಒಳಗೆ 50 ದಾಟುತ್ತದೆ. ಗಾಜು ಎರಡು ಬೆರಳು ಇಳಿಸಿದರೆ ಹೇಳಿಕೊಳ್ಳುವ ವ್ಯತ್ಯಾಸವೇನೂ ಆಗುವುದಿಲ್ಲ. ಹಂಪನಕಟ್ಟೆಯಲ್ಲಿ ‘ಈಗ ಬಂದೆ’ ಎಂದು ಅಂಗಡಿ ಹೊಕ್ಕರೆ ಬಿಲ್ ಮಾಡಿಸುವುದಕ್ಕೇ 10 ನಿಮಿಷ ಬೇಕು. ತೆಂಗಿನ ಮರದ ನೆರಳು ಅಷ್ಟರಲ್ಲಿ ಸರಿದಿರುತ್ತದೆ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬಿಸಿಲಿಲ್ಲ, ಸೆಕೆ ಇದೆ. ಎಂಜಿನ್ ಮತ್ತು ಎಸಿ ಹಚ್ಚಿಟ್ಟು ಹೋಗುವುದೂ ಕೆಲಸದ ಮಾತಲ್ಲ: ಕಂಪ್ರೆಸರ್ ನಿಂತರೆ ಹೊರಗಿದ್ದವರಿಗೆ ತಿಳಿಯದು, ನಾಯಿ ಕಾಲಿಟ್ಟು ಬಾಗಿಲು ಲಾಕ್ ಮಾಡಿಕೊಳ್ಳಲೂಬಹುದು.

ಕಿಟ್ ಇಡಿಯಾಗಿ ಕೊಳ್ಳುವ ಬದಲು ಮೀಟರ್ ಮತ್ತು ಪರದೆ ಬಿಡಿಯಾಗಿ ಕೊಳ್ಳಿ. ಉಳಿದ ದುಡ್ಡಿಗೆ ಡಿಜಿಟಲ್ ಜ್ವರಮಾಪಕ, ಸ್ಟೀಲ್ ಬಟ್ಟಲು, 5 ಲೀಟರ್ ನೀರಿನ ಕ್ಯಾನ್ ಕಾರಿನಲ್ಲಿರಲಿ. ನಾಯಿಯ ಸಹಜ ಉಷ್ಣತೆ 38ರಿಂದ 39.2. ಜೊಲ್ಲು ದಪ್ಪಗಾಗಿ, ಒಸಡು ಕಡುಕೆಂಪಾಗಿ, ನಡೆಯುವಾಗ ತೂರಾಡಿದರೆ ಅಲ್ಲೇ ನೆರಳಿಗೆ ಇಳಿಸಿ ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಿ. ಬೈರಾಸು ಚಂಡಿ ಮಾಡಿ ಹೊದೆಸಬೇಡಿ, ಅದು ಬಿಸಿಯನ್ನು ಒಳಗೇ ಹಿಡಿಯುತ್ತದೆ. ಪ್ರಜ್ಞೆ ಸರಿಯಿಲ್ಲದ ನಾಯಿಯ ಬಾಯಿಗೆ ನೀರು ಹಾಕಬಾರದು. ತಣಿಸುತ್ತಲೇ ಪಶುವೈದ್ಯರಿಗೆ ಫೋನ್ ಮಾಡಿ, ಎಸಿ ಪೂರ್ತಿ ಹಾಕಿ ಹೊರಡಿ. ಗುದದಲ್ಲಿ ನೋಡಿದ ಉಷ್ಣತೆ 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ.