ಕ್ರಿತಾದಲ್ಲಿ ರಿಪೀಟ್ ಡಿಸೈನ್: ಬಳ್ಳಿಗೆ ಸೈ, ಕಸೂತಿಗೆ ಲೆಕ್ಕ ಬೇಕು

ಬಟ್ಟೆಗೋ ಗಿಫ್ಟ್ ಪೇಪರಿಗೋ ರಿಪೀಟ್ ಆಗುವ ಡಿಸೈನ್ ಮಾಡುವವರು ಫೋಟೋಶಾಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ಮೊದಲು, ಉಚಿತವಾಗಿ ಸಿಗುವ ಚಿತ್ರ ಬಿಡಿಸುವ ತಂತ್ರಾಂಶ ಕ್ರಿತಾವನ್ನು ಒಮ್ಮೆ ತೆರೆದು ನೋಡಿ. ಡಬ್ಲ್ಯೂ ಕೀ ಒತ್ತಿದರೆ ರ‍್ಯಾಪ್ ಅರೌಂಡ್ ಮೋಡ್ ಶುರುವಾಗುತ್ತದೆ. ಚಿತ್ರ ನಾಲ್ಕೂ ಕಡೆ ಹಾಸಿಕೊಳ್ಳುತ್ತದೆ. ಬಲ ಅಂಚು ದಾಟಿದ ಬಳ್ಳಿ ಆಗಲೇ ಎಡದಿಂದ ಒಳಗೆ ಬರುತ್ತದೆ. ಮೋಡ್ ಏಳದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾನ್ವಾಸ್ ಗ್ರಾಫಿಕ್ಸ್ ಆಕ್ಸಿಲರೇಷನ್ ಆಫ್ ಆಗಿದೆಯೇ ನೋಡಿ, ಅದಿಲ್ಲದೆ ಇದು ನಡೆಯದು.

ಹಳೇ ದಾರಿಯಲ್ಲಿ ಚಿತ್ರವನ್ನು ಅರ್ಧ ಸರಿಸಿ ಅಂಚನ್ನು ನಡುವೆ ತರುವ ಆಫ್‌ಸೆಟ್ ಹಾಕಿ, ನಡುವೆ ಬಂದ ಜೋಡಣೆ ತಿದ್ದಿ, ಮತ್ತೆ ಆಫ್‌ಸೆಟ್ ಹಾಕಬೇಕಿತ್ತು. ಆ ಗೋಳು ಇಲ್ಲಿಲ್ಲ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು: ಜೋಡಣೆ ಕಾಣದಿದ್ದರೂ ಒಂದೇ ಒಂದು ಕಡುಗೆಂಪು ಹೂವು ಸಾಲು ಸಾಲಾಗಿ ಕಣ್ಣು ಕುಕ್ಕಿದರೆ ಡಿಸೈನ್ ಕೆಟ್ಟಂತೆ. ಜೂಮ್ ಇಳಿಸಿ ನೋಡಿದರೆ ಅದು ಬಿಡಿಸುವಾಗಲೇ ಗೊತ್ತಾಗುತ್ತದೆ.

ಕೈಯಲ್ಲಿ ಬಿಡಿಸುವ ಹೂಬಳ್ಳಿಗೆ ಇಷ್ಟು ಸಾಕು. ಕಸೂತಿಗೆ ಸಾಲದು. ಅದು ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ, ಪಿಕ್ಸೆಲ್ಲನ್ನೂ ಹಾಗೇ ಎಣಿಸಬೇಕು. ಒಂದು ಹೊಲಿಗೆಗೆ 10 ಪಿಕ್ಸೆಲ್, ರಿಪೀಟ್‌ಗೆ 24 ಹೊಲಿಗೆ ಎಂದರೆ ಕ್ಯಾನ್ವಾಸ್ 240×240. 300 ಡಿಪಿಐಯಲ್ಲಿ ಸುಮಾರು 2 ಸೆಂಟಿಮೀಟರ್. ಗ್ರಿಡ್ 10ಕ್ಕೆ ಇಟ್ಟು, ನುಣುಪು ಅಂಚಿಲ್ಲದ ಪಿಕ್ಸೆಲ್ ಬ್ರಷ್ ತೆಗೆದುಕೊಳ್ಳಿ. ಬಹಳ ಜನ ಎಡವುವುದು ಇಲ್ಲೇ: 24 ಹೊಲಿಗೆಗೆ ತುದಿಗಳು 25. ಆ 25ನೆಯದು ಪಕ್ಕದ ಟೈಲಿನ (ರಿಪೀಟ್ ಆದ ಚೌಕದ) ಮೊದಲನೆಯದು. ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ ನಿಲುಗೆರೆ ಎಳೆದರೆ ಜೋಡಣೆಯಲ್ಲಿ ಗವಂತಿ (ಕಸೂತಿಯ ಗೆರೆ ಹೊಲಿಗೆ) ಗೆರೆ ಇಮ್ಮಡಿ ದಪ್ಪವಾಗುತ್ತದೆ. ಎಡದ್ದು ಇರಲಿ, ಬಲದ್ದು ಅಳಿಸಿ.

ಪಕ್ಕದ ಸಾಲು ಅರ್ಧ ಕೆಳಗಿಳಿಯುವ ಹಾಫ್ ಡ್ರಾಪ್‌ಗೆ ಕ್ಯಾನ್ವಾಸ್ ಅಗಲ 480 ಮಾಡಿ, ಬಲ ಅರ್ಧದ ಮೋಟಿಫ್ ಬೇರೆ ಲೇಯರ್‌ನಲ್ಲಿಟ್ಟು, ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್‌ನಲ್ಲಿ ಆಫ್‌ಸೆಟ್ ಲೇಯರ್ ತೆರೆದು, ಎಕ್ಸ್ ಸೊನ್ನೆ, ವೈ 120 ಕೊಡಿ. ಎತ್ತರ ಬೆಸ ಸಂಖ್ಯೆಯಾದರೆ ಅರ್ಧ ಪಿಕ್ಸೆಲ್ ಎಲ್ಲಿಗೂ ಹೋಗದು, ಹೊಂದಿಕೆ ತಪ್ಪುತ್ತದೆ.

ಕ್ರಿತಾ ಸೋಲುವುದು ಅಕ್ಷರ ಮತ್ತು ಪಿಕ್ಸೆಲ್ ಬದಲು ಗೆರೆ-ಆಕಾರಗಳಾಗಿ ಉಳಿಯುವ ವೆಕ್ಟರ್‌ನಲ್ಲಿ. ಅಂಚು ದಾಟಿದ ಅಕ್ಷರ ಆಚೆ ಮೂಡದೆ ಕತ್ತರಿಸಿಹೋಗುತ್ತದೆ. ಮೊದಲು ನಡುವೆಯೇ ಬರೆದು, ಪೇಂಟ್ ಲೇಯರ್ ಮಾಡಿಕೊಂಡು, ಆಮೇಲೆ ಆಫ್‌ಸೆಟ್ ಮಾಡಬೇಕು. ಗೋಡೆ, ಕಲ್ಲಿನ ಫೋಟೋ ಆದರೆ ಇನ್ನೊಂದು ಉಚಿತ ತಂತ್ರಾಂಶ ಗಿಂಪ್‌ನ ಟೈಲ್ ಸೀಮ್‌ಲೆಸ್ ಬೇಗ ಮುಗಿಸುತ್ತದೆ. ಆದರೆ ಅದು ಅಂಚುಗಳನ್ನು ಒಂದರ ಮೇಲೊಂದು ಕರಗಿಸುವುದರಿಂದ ಕಸೂತಿಯ ಗೋಪುರಕ್ಕೆ ಹಾಕಿದರೆ ನೆರಳಿನಂತೆ ಎರಡೆರಡು ಗೋಪುರ!

ಸೇವ್ ಮಾಡುವಾಗ ಪಿಎನ್‌ಜಿಯೇ ಇರಲಿ. ಜೆಪೆಗ್ 8×8ರ ಚೌಕಗಳಲ್ಲಿ ಒತ್ತುವುದರಿಂದ ತೆಳು ಗೆರೆಗಳ ಸುತ್ತ ಕೊಳೆ ಕೂರುತ್ತದೆ. ದೊಡ್ಡದು ಮಾಡುವುದಿದ್ದರೆ ಎರಡು ಪಟ್ಟು, ಮೂರು ಪಟ್ಟು ಹೀಗೆ ಪೂರ್ಣಾಂಕದಲ್ಲೇ, ಅಂಚು ಮಸುಕಾಗದ ನಿಯರೆಸ್ಟ್ ನೇಬರ್ ವಿಧಾನ ಆರಿಸಿ. 67 ಶೇಕಡಾ ಜೂಮ್‌ನಲ್ಲಿ ಜೋಡಣೆಯುದ್ದಕ್ಕೂ ಕೂದಲೆಳೆಯಂಥ ಗೆರೆ ಕಂಡರೆ ತಕ್ಷಣ ತಿದ್ದಲು ಹೋಗಬೇಡಿ. 100ಕ್ಕೆ ತನ್ನಿ, ಅಲ್ಲಿ ಇಲ್ಲವೆಂದರೆ ಅದು ಪರದೆಯ ಗೆರೆ, ನಿಮ್ಮದಲ್ಲ.