‘ಹೂಂ’ ಅಂದರೆ ಒಪ್ಪಿಗೆಯಲ್ಲ: ಮನೋವೈದ್ಯರ ಜೊತೆ ಸೇರಿ ನಿರ್ಧರಿಸುವ ಪದ್ಧತಿ, ಬಹುಕಾಲದ ಬಳಕೆಯ ನಂತರ

ಅಂಕ: 5ಕ್ಕೆ 3.5

ಬೆಂಗಳೂರಿನ ಮನೋವೈದ್ಯಕೀಯ ಓಪಿಡಿಗಳಲ್ಲಿ, ಕ್ಲಿನಿಕ್‌ಗಳಲ್ಲಿ ‘ಚಿಕಿತ್ಸೆ ಏನೆಂದು ಸೇರಿಯೇ ತೀರ್ಮಾನಿಸೋಣ’ ಎಂಬ ಮಾತು ಈಗ ಕೇಳಿಬರುತ್ತದೆ. ಪದ್ಧತಿ ಒಳ್ಳೆಯದೇ. ಒಂದು ಅಂಕ ಕಳೆದದ್ದು ವ್ಯಾಕರಣಕ್ಕೆ.

“ಡೋಸ್ ಸ್ವಲ್ಪ ಜಾಸ್ತಿ ಮಾಡೋಣ” ಎಂದಾಗ ಆ ‘ಓಣ’ದಲ್ಲಿ ರೋಗಿಯೂ ಸೇರಿದಂತೆ ಕಾಣುತ್ತದೆ. ಅಷ್ಟರಲ್ಲಿ ಪೆನ್ನು ಚೀಟಿಯ ಮೇಲೆ ಓಡಿರುತ್ತದೆ. ಎದುರು ಕೂತವರು “ಹೂಂ” ಅನ್ನುತ್ತಾರೆ. ನಮ್ಮಲ್ಲಿ ಹೂಂಗುಟ್ಟುವುದು ‘ಕೇಳಿಸ್ತಿದೆ, ಮುಂದೆ ಹೇಳಿ’ ಅನ್ನುವುದಕ್ಕೂ ನಡೆಯುತ್ತದೆ, ಅಜ್ಜಿಯ ಕಥೆಗೆ ಮಕ್ಕಳು ಹೂಂಗುಟ್ಟಿದ ಹಾಗೆ. ಅದನ್ನೇ ಒಪ್ಪಿಗೆ ಎಂದುಕೊಂಡರೆ ಮಾತ್ರೆ ಸ್ಟ್ರಿಪ್‌ನಲ್ಲೇ ಉಳಿಯುತ್ತದೆ. ಮುಂದಿನ ಭೇಟಿಯಲ್ಲಿ ‘ಗುಣ ಕಾಣ್ತಿಲ್ಲ’ ಎಂದು, ನುಂಗದ ಮಾತ್ರೆಯ ಡೋಸ್ ಇನ್ನಷ್ಟು ಏರುತ್ತದೆ.

ಸರಿಯಾಗಿ ನಡೆದಾಗ ಮಾತು ಬೇರೆ ಥರ ಇರುತ್ತದೆ. ಭ್ರಮೆ, ಉನ್ಮಾದದಂಥ ತೊಂದರೆಗೆ ಕೊಡುವ ಎರಡು ಮಾತ್ರೆಗಳನ್ನೇ ನೋಡಿ. ಒಲಾಂಜಪಿನ್‌ನಲ್ಲಿ ನಿದ್ದೆ ಬರುತ್ತದೆ, ಆದರೆ ಹಸಿವು, ತೂಕ, ರಕ್ತದ ಸಕ್ಕರೆ ಏರಬಹುದು. ಅರಿಪಿಪ್ರಜೋಲ್‌ನಲ್ಲಿ ತೂಕದ ಕಾಟ ಕಡಿಮೆ, ಆದರೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಈಗಿನದನ್ನೇ ಇನ್ನೂ ಕೆಲವು ವಾರ ನೋಡುವುದೂ ಒಂದು ದಾರಿ. ಮೂರನ್ನೂ ಮುಂದಿಟ್ಟು, “ಇದರಲ್ಲಿ ಯಾವುದು ನಿಮಗೆ ಸಹಿಸೋಕಾಗಲ್ಲ?” ಎಂದು ಕೇಳಬೇಕು. ರಾತ್ರಿ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುವವರ ಉತ್ತರ ಒಂದು, ಮನೆಯಲ್ಲಿ ಎಲ್ಲರಿಗೂ ಸಕ್ಕರೆ ಕಾಯಿಲೆ ಇರುವವರದ್ದು ಇನ್ನೊಂದು. ಕೊನೆಗೆ “ಏನು ತೀರ್ಮಾನ ಆಯ್ತು, ನಿಮ್ಮ ಮಾತಲ್ಲೇ ಹೇಳಿ” ಎಂದು ಕೇಳಿದರೆ ಆ ‘ಹೂಂ’ನ ಬಣ್ಣ ಅಲ್ಲೇ ಗೊತ್ತಾಗುತ್ತದೆ. ಯಾವ ತಾರೀಖಿಗೆ, ಏನು ಕಂಡರೆ ಇದು ಕೆಲಸ ಮಾಡಲಿಲ್ಲ ಅನ್ನಬೇಕು ಎಂಬುದೂ ಚೀಟಿಗೆ ಏರಬೇಕು.

ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ವಿಷಯದಲ್ಲಿ ಈ ಮಾತುಕತೆ ಅರ್ಧಕ್ಕೆ ನಿಂತರೆ ಅಪಾಯವೇ ಸರಿ. ಡೋಸ್ ಬದಲಾದ 5ರಿಂದ 7 ದಿನಕ್ಕೆ ರಕ್ತದಲ್ಲಿ ಅದರ ಮಟ್ಟದ ಪರೀಕ್ಷೆ ಆಗಬೇಕು, ಅದೂ ಹಿಂದಿನ ಮಾತ್ರೆ ನುಂಗಿ 12 ಗಂಟೆಗೆ. ರಾತ್ರಿ 9ಕ್ಕೆ ನುಂಗಿದವರು ಬೆಳಿಗ್ಗೆ 9ಕ್ಕೆ ಲ್ಯಾಬ್‌ನಲ್ಲಿರಬೇಕು, ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ. ಮುಂಚೆಯೇ ನುಂಗಿ ಹೋದರೆ ಮಟ್ಟ ಸುಳ್ಳಾಗಿ ಏರಿ ಕಾಣುತ್ತದೆ. ಥೈರಾಯ್ಡ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ 6 ತಿಂಗಳಿಗೊಮ್ಮೆ. ಎಲ್ಲ ಹೇಳಿಯೂ ಉಪವಾಸದ ಪ್ರಶ್ನೆ ಬಿಟ್ಟುಹೋಗುತ್ತದೆ: ನೀರೂ ಮುಟ್ಟದ ಏಕಾದಶಿ, ವಾಂತಿ ಭೇದಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ಐಬುಪ್ರೊಫೆನ್, ಇವೆಲ್ಲ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಕೈ ಜೋರಾಗಿ ನಡುಗಿ, ವಾಂತಿಯಾಗಿ, ನಡಿಗೆ ತೂರಾಡಿದರೆ ಫಾಲೋ-ಅಪ್ ತಾರೀಖಿಗೆ ಕಾಯುವ ಹಾಗಿಲ್ಲ, ಅಂದೇ ಆಸ್ಪತ್ರೆ.

ಜೊತೆಗೆ ಬಂದವರದ್ದು ಇನ್ನೊಂದು ಕಥೆ. “ಅದೆಲ್ಲ ತಗೋತಾನೆ ಬಿಡಿ ಡಾಕ್ಟ್ರೇ” ಎಂದು ಅಣ್ಣನೋ ಅಮ್ಮನೋ ಮುಗಿಸಿಬಿಟ್ಟರೆ ರೋಗಿಗೆ ಬಾಯಿ ತೆರೆಯಲು ಜಾಗವಿಲ್ಲ. ಮೊದಲ ಎರಡು ನಿಮಿಷ ರೋಗಿಗೊಬ್ಬರಿಗೇ ಕೊಟ್ಟು, ಆಮೇಲೆ ಮನೆಯವರನ್ನು ಕರೆಯುವ ವೈದ್ಯರಲ್ಲಿ ಈ ತೊಂದರೆ ಕಡಿಮೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತನ್ನ ಪರ ನಿಲ್ಲುವ ಪ್ರತಿನಿಧಿಯನ್ನು ವಯಸ್ಕರು ಬಿಳಿ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ರೋಗಿಯ ನಿರ್ಧಾರ ಇತರರಿಗೆ ತಪ್ಪೆನಿಸಿತು ಎಂಬ ಒಂದೇ ಕಾರಣಕ್ಕೆ ಅವರಿಗೆ ನಿರ್ಧರಿಸುವ ಶಕ್ತಿಯಿಲ್ಲ ಎನ್ನುವಂತಿಲ್ಲ. ಫೈಲಿನಲ್ಲಿ ಆ ಹಾಳೆ ಇರುವವರು ಕಡಿಮೆ.

ಸಮಯ? ಗದ್ದಲದ ದಿನ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಹಾಗಾಗಿ ನಿದ್ದೆ ಎಷ್ಟು ಗಂಟೆ, ವಾರದಲ್ಲಿ ಎಷ್ಟು ಮಾತ್ರೆ ತಪ್ಪಿದೆ, ಏನು ಬದಲಾಗಬೇಕು ಎಂಬ ಮೂರು ಸಾಲನ್ನು ಚೀಟಿಯಲ್ಲಿ ಬರೆದು ಕೂತ ತಕ್ಷಣ ಕೊಡಿ. ಬಾಗಿಲ ಬಳಿ ನೆನಪಾದ ಮಾತಿಗೆ ಮುಂದಿನ ಟೋಕನ್ ಅಡ್ಡ ಬರುತ್ತದೆ. ಭೇಟಿಗಳ ನಡುವೆ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಡೋಸ್ ಬದಲಿಸುವ ಮಾತನ್ನು ಮಾತ್ರ ಫೈಲ್ ಬಲ್ಲ ವೈದ್ಯರಲ್ಲೇ ಇಡಿ.

ಉಳಿದ ಅರ್ಧ ಅಂಕ ಕಳೆದದ್ದು ಮಾತ್ರೆ ನಿಲ್ಲಿಸುವ ಮಾತು ಏಳದಿದ್ದುದಕ್ಕೆ. ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಬರೆದ ದಿನವೇ, ಚೇತರಿಸಿದ ಮೇಲೂ ಕನಿಷ್ಠ 6 ತಿಂಗಳು ಬೇಕು, ಆಮೇಲೆ ಹಂತ ಹಂತವಾಗಿ ಇಳಿಸಬೇಕು ಎಂದು ಹೇಳಿರಬೇಕು. ಹೇಳದಿದ್ದರೆ ಎರಡನೇ ತಿಂಗಳಿಗೆ ‘ಚೆನ್ನಾಗಿದ್ದೀನಲ್ಲ’ ಎಂದು ತಟ್ಟನೆ ಬಿಡುತ್ತಾರೆ. ಕೆಲವೇ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮು, ಸಿಡುಕು. ಮನೆಯವರು ಅದನ್ನು ಕಾಯಿಲೆ ಮರುಕಳಿಸಿತು ಎಂದುಕೊಂಡು ಕರೆತರುತ್ತಾರೆ, ಡೋಸ್ ಏರಿಸುವ ಮಾತು ‘ಮಾಡೋಣ’ದಿಂದಲೇ ಮತ್ತೆ ಶುರುವಾಗುತ್ತದೆ.